ಜುಲೈಯಲ್ಲಿ ನಾರ್ವೆ, ಅಮ್ಮನ ಜೊತೆ: ಕಾರಾ, ರೈಲಾ, ಹಡಗಾ?

ಕಿಟಕಿ_ಸೀಟು · ಮಾರ್ಚ್ 6

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ, ನನ್ನ ಅಮ್ಮ (64 ವರ್ಷ, ಮಂಡಿ ನೋವು, ಬಾಯಿ ಮಾತ್ರ ಗಟ್ಟಿ) ಜುಲೈಯಲ್ಲಿ ನಾರ್ವೆಗೆ ಹೊರಟಿದ್ದೇವೆ. ಬೆಂಗಳೂರಿಂದ ಬೆಂಗಳೂರಿಗೆ ಒಟ್ಟು 14 ದಿನ. ಒಬ್ಬ ಏಜೆಂಟ್ ಹತ್ತಿರ ಪ್ಲಾನ್ ಹಾಕಿಸಿದೆವು. ಓಸ್ಲೋ, ಫ್ಲೋಮ್, ಬರ್ಗೆನ್, ಗೈರಾಂಗರ್, ಲೊಫೊಟೆನ್ ದ್ವೀಪಗಳು, ಟ್ರೋಮ್ಸೊ, ಉತ್ತರ ತುದಿಯ ನಾರ್ತ್ ಕೇಪ್. ನಡುವೆ ಮೂರು ವಿಮಾನ, ಎರಡು ಬಾಡಿಗೆ ಕಾರು. ಅವಸರದ ಮದುವೆ ಊಟ ಇದ್ದ ಹಾಗಿದೆ. ಎಲ್ಲ ಬಡಿಸಿದ್ದಾರೆ, ತಿನ್ನೋಕೆ ಮುಂಚೆ ಎಲೆ ಎತ್ತುತ್ತಾರೆ.

ಇನ್ನೊಂದು ವಿಷಯ ಮನಸ್ಸಲ್ಲಿ ಕೊರೀತಾ ಇದೆ. ಹೋದ ವರ್ಷ ಲಾಂಗ್ ವೀಕೆಂಡಲ್ಲಿ ಚಿಕ್ಕಮಗಳೂರಿಗೆ ಹೋಗಿದ್ದೆವು. ಬೆಟ್ಟದ ಮೇಲೆ ಮೂರು ಗಂಟೆ ಟ್ರಾಫಿಕ್ ಜಾಮ್. ಕಾರಲ್ಲಿ ಕೂತು ಜನಕ್ಕೆಲ್ಲ ಬೈದೆ. ಆಮೇಲೆ ಹೊಳೆಯಿತು, ಆ ಜಾಮಲ್ಲಿ ನಮ್ಮ ಕಾರೂ ಒಂದು. ಇನ್ನೊಬ್ಬರ ಊರಿಗೆ ಹೋಗಿ ಅದನ್ನೇ ಮಾಡೋಕೆ ಇಷ್ಟ ಇಲ್ಲ. ಕಮ್ಮಿ ಹಾಳು ಮಾಡಿ, ನಿಧಾನವಾಗಿ ನೋಡಿ ಬರೋ ದಾರಿ ಇದೆಯಾ? ನಾವು ಸಸ್ಯಾಹಾರಿಗಳು. ಅಮ್ಮನಿಗೆ ಮಧ್ಯರಾತ್ರಿ ಸೂರ್ಯನನ್ನು (ಬೇಸಿಗೆಯಲ್ಲಿ ರಾತ್ರಿಯೂ ಮುಳುಗದ ಸೂರ್ಯ) ನೋಡಬೇಕಂತೆ.

ಉತ್ತರದ_ಅಳಿಯ · ಮಾರ್ಚ್ 6

ಕಿಟಕಿ ಅಕ್ಕ, ನಾನು ಒಂಬತ್ತು ವರ್ಷದಿಂದ ಟ್ರೊಂಡ್‌ಹೈಮ್‌ನಲ್ಲಿದ್ದೇನೆ. ನಿಮ್ಮ ಏಜೆಂಟ್ ಮ್ಯಾಪನ್ನು ಮೊಬೈಲಲ್ಲಿ ನೋಡಿರಬೇಕು. ನಾರ್ವೆ ಎಷ್ಟು ಉದ್ದ ಅಂತ ಯಾರಿಗೂ ಅಂದಾಜಿರಲ್ಲ. ಓಸ್ಲೋದಿಂದ ನಾರ್ತ್ ಕೇಪ್‌ಗೆ ರಸ್ತೆಯಲ್ಲಿ ಎರಡು ಸಾವಿರ ಕಿಮೀ ಆಸುಪಾಸು. ಬೆಂಗಳೂರಿಂದ ದಿಲ್ಲಿಗೆ ಹೋದಷ್ಟು. ಅದರಲ್ಲಿ ಅರ್ಧ ದಾರಿ ಬೆಟ್ಟ, ಸುರಂಗ, ದೋಣಿಗಾಗಿ ಕಾಯುವ ಸಾಲು.

ಮೊದಲು ನಾರ್ತ್ ಕೇಪ್, ಟ್ರೋಮ್ಸೊ ಎರಡನ್ನೂ ಹೊಡೆದು ಹಾಕಿ. ಒಂದೇ ಏಟಿಗೆ ಎರಡು ವಿಮಾನ ಉಳಿಯುತ್ತವೆ. ಉಳಿದದ್ದಕ್ಕೆ ರೈಲಿದೆ.

ಓಸ್ಲೋ–ಬರ್ಗೆನ್ ರೈಲು ಆರೂವರೆಯಿಂದ ಏಳು ಗಂಟೆ. 1909ರಲ್ಲಿ ಶುರುವಾದ ಮಾರ್ಗ, ಈಗ ಪೂರ್ತಿ ವಿದ್ಯುತ್. ನಾರ್ವೆಯ ಕರೆಂಟು ಹೆಚ್ಚುಕಮ್ಮಿ 100ಕ್ಕೆ 90 ಪಾಲು ನೀರಿನಿಂದ ಬರೋದು. ದಾರಿ 1,237 ಮೀಟರ್ ತನಕ ಹತ್ತುತ್ತದೆ. ನಡುವೆ ಫಿನ್ಸೆ ಅಂತ ಒಂದು ಸ್ಟೇಷನ್. ಅಲ್ಲಿಗೆ ಕಾರು ಹೋಗುವ ರಸ್ತೆಯೇ ಇಲ್ಲ. ಜುಲೈಯಲ್ಲೂ ಹಳಿ ಪಕ್ಕ ಹಿಮದ ತೇಪೆ ಕಾಣುತ್ತದೆ. ಮಿರ್ದಾಲ್‌ನಲ್ಲಿ ಇಳಿದರೆ ಫ್ಲೋಮ್‌ಗೆ ಸಣ್ಣ ರೈಲು. 20 ಕಿಮೀ ದೂರದಲ್ಲಿ 866 ಮೀಟರ್ ಎತ್ತರದಿಂದ ಸಮುದ್ರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ 50ಕ್ಕೆ ಒಂದು ಇಳಿಜಾರು, ಇದು 18ಕ್ಕೆ ಒಂದು. 20 ಸುರಂಗಗಳಲ್ಲಿ 18 ಕೈಯಲ್ಲೇ ಕೊರೆದದ್ದು.

ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ. ಎಂತೂರ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ದೇಶದ ರೈಲು, ಬಸ್ಸು, ದೋಣಿ ಎಲ್ಲದರ ಸಮಯ ಒಂದೇ ಕಡೆ ಸಿಗುತ್ತದೆ.

ಲೆಕ್ಕದ_ಮೇಷ್ಟ್ರು · ಮಾರ್ಚ್ 7

ರೈಲು, ಕರೆಂಟು ಎಲ್ಲ ಸರಿ. ಒಂದು ಕಹಿ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಬೆಂಗಳೂರಿಂದ ಓಸ್ಲೋಗೆ ನೇರ ಗೆರೆ ಎಳೆದರೂ ಏಳು ಸಾವಿರ ಕಿಮೀ ದಾಟುತ್ತದೆ. ಹೋಗಿ ಬರೋಕೆ ಒಬ್ಬರ ಪಾಲಿಗೆ ಒಂದೂವರೆ ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್. ಲೆಕ್ಕ ಹಾಕೋ ರೀತಿ ಮೇಲೆ ಹೆಚ್ಚುಕಮ್ಮಿ ಆಗುತ್ತದೆ, ಬಿಡಿ. ಭಾರತದಲ್ಲಿ ಒಬ್ಬರ ಸರಾಸರಿ ಇಡೀ ವರ್ಷಕ್ಕೆ ಸುಮಾರು ಎರಡು ಟನ್. ಇಷ್ಟೆಲ್ಲ ಸುಟ್ಟು ಹೋದ ಮೇಲೆ ಅಲ್ಲಿ ರೈಲು ಹತ್ತಿದರೆ ಎಷ್ಟು ಉಳಿಯಿತು? ಎಮ್ಮೆ ಮಾರಿ ಹಗ್ಗ ಉಳಿಸಿದ ಹಾಗೆ.

ಕಿಟಕಿ_ಸೀಟು · ಮಾರ್ಚ್ 7

ಮೇಷ್ಟ್ರೇ, ಬೇಜಾರೇನಿಲ್ಲ. ಈ ಲೆಕ್ಕ ನನ್ನ ಗಂಡನೂ ಹಾಕಿದ. ಆದರೆ ಟಿಕೆಟ್ ಆಗಿದೆ. ಅಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವರು. ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಕಡಲು) ಅಂದರೆ ಏನು ಅಂತ ಬೋರ್ಡ್ ಮೇಲೆ ಚಾಕ್‌ಪೀಸಲ್ಲಿ ಬರೆದು ಬರೆದು ರಿಟೈರ್ ಆದರು. ಒಂದು ಸಲ ತೋರಿಸಬೇಕು ಅಂತ ನನಗೇ ಆಸೆ. ವಿಮಾನದ ಪಾಪ ನನ್ನದು, ಒಪ್ಪಿದೆ. ಅಲ್ಲಿ ಇಳಿದ ಮೇಲೆ ಅದನ್ನು ದೊಡ್ಡದು ಮಾಡಬಾರದು, ಅಷ್ಟೇ.

ಲೆಕ್ಕದ_ಮೇಷ್ಟ್ರು · ಮಾರ್ಚ್ 7

ಭೂಗೋಳದ ಟೀಚರ್ ಅಂದಿದ್ದರೆ ನಾನು ಬಾಯೇ ಬಿಡುತ್ತಿರಲಿಲ್ಲ. ಹೋಗಿ ಬನ್ನಿ. ಆದರೆ ಒಂದು ಸಲ ಹೋದವರು ಅಲ್ಲೇ ಹೆಚ್ಚು ದಿನ ಇದ್ದು ಬನ್ನಿ. ಮೂರು ವರ್ಷಕ್ಕೆ ಮೂರು ಸಲ ಐದೈದು ದಿನ ಹೋಗೋದಕ್ಕಿಂತ ಒಂದೇ ಸಲ ಹದಿನೈದು ದಿನ ವಾಸಿ. ಮರ ನೆಡುತ್ತೇವೆ, ಇನ್ನೂರು ರೂಪಾಯಿ ಕೊಡಿ ಅಂತ ಟಿಕೆಟ್ ಜೊತೆ ಕೇಳುತ್ತಾರಲ್ಲ, ಅದು ಕೊಟ್ಟೆವು ಅಂತ ಲೆಕ್ಕ ಚುಕ್ತಾ ಆಗಲ್ಲ.

ಎಣ್ಣೆ_ಬಾಣಲೆ · ಮಾರ್ಚ್ 8

ಸ್ಟಾವಂಗರ್‌ನಿಂದ ನಮಸ್ಕಾರ. ಹೆಸರೇ ಹೇಳುವ ಹಾಗೆ ನನ್ನ ಅನ್ನ ಎಣ್ಣೆಯಲ್ಲೇ ಬೇಯುವುದು. ಉತ್ತರ ಸಮುದ್ರದಲ್ಲಿ 1969ರಲ್ಲಿ ಎಕೊಫಿಸ್ಕ್ ಅನ್ನೋ ಎಣ್ಣೆ ನಿಕ್ಷೇಪ ಸಿಕ್ಕಿದ ಮೇಲೆ ಈ ಊರು ಊರಾಯಿತು. ಹಾಗಾಗಿ ಹಸಿರು ನಾರ್ವೆ ಅಂತ ಯಾರಾದರೂ ಶುರು ಮಾಡಿದರೆ ನನಗೆ ಸ್ವಲ್ಪ ನಗು. 2024ರಲ್ಲಿ ಇಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ 100ಕ್ಕೆ 89 ಎಲೆಕ್ಟ್ರಿಕ್. ಮನೆ ದೀಪ ನೀರಿನ ಕರೆಂಟಿನದು. ಹೊರಗೆ ಮಾರೋದು ಎಣ್ಣೆ, ಗ್ಯಾಸು. ಮನೆಯಲ್ಲಿ ಕುಡಿಯದ ಹೆಂಡದಂಗಡಿ ಮಾಲೀಕನ ಕಥೆ ಅಂದುಕೊಳ್ಳಿ.

ಗಾಳಿ ಕಂಬ ಕಂಡರೂ ಅದೆಲ್ಲ ಒಳ್ಳೆಯದೇ ಅಂತ ಅಂದುಕೊಳ್ಳಬೇಡಿ. ಟ್ರೊಂಡ್‌ಹೈಮ್ ಹತ್ತಿರ ಫೋಸೆನ್‌ನಲ್ಲಿ ದೊಡ್ಡ ಗಾಳಿ ವಿದ್ಯುತ್ ಯೋಜನೆ ಮಾಡಿದರು. ಅದು ಅಲ್ಲಿನ ಮೂಲನಿವಾಸಿ ಸಾಮಿ ಜನ ಹಿಮಸಾರಂಗ ಮೇಯಿಸುವ ಜಾಗ. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಪರವಾನಗಿ ಸಾಮಿಗಳ ಹಕ್ಕನ್ನು ಮುರಿದಿದೆ, ಊರ್ಜಿತವಲ್ಲ ಅಂತ ಹೇಳಿತು. ಕಂಬಗಳು ಆಗಲೇ ನಿಂತಾಗಿತ್ತು, ತೀರ್ಪಾದ ಮೇಲೂ ತಿರುಗುತ್ತಲೇ ಇದ್ದವು.

ಸರಿ, ಕೆಲಸದ ಮಾತು. ಫ್ಲೋಮ್‌ನಲ್ಲಿ ರಾತ್ರಿ ಉಳಿಯಬೇಡಿ. ಮುನ್ನೂರು ನಾನ್ನೂರು ಜನ ಇರುವ ಊರು. ಕ್ರೂಸ್ ಹಡಗು ಒಂದು ಬಂದರೆ ಮೂರು ಸಾವಿರ ಜನ ಒಂದೇ ಸಲ ಇಳಿಯುತ್ತಾರೆ. ಜಾತ್ರೆ ದಿನ ತೇರುಬೀದಿ ಹೇಗಿರುತ್ತೋ ಹಾಗೆ. ಯಾವ ಹಡಗು ಯಾವ ದಿನ ಬರುತ್ತದೆ ಅನ್ನೋ ಪಟ್ಟಿಯನ್ನು ಬಂದರಿನವರೇ ತಿಂಗಳುಗಳ ಮುಂಚೆ ನೆಟ್‌ನಲ್ಲಿ ಹಾಕುತ್ತಾರೆ. ಹಡಗಿಲ್ಲದ ದಿನ ನೋಡಿ ಸಣ್ಣ ರೈಲು ಹತ್ತಿ. ಉಳಿಯೋಕೆ ಪಕ್ಕದ ಔರ್ಲಾಂಡ್ ಊರು ವಾಸಿ, ಬಸ್ಸಲ್ಲಿ ಕಾಲು ಗಂಟೆ. ಅಲ್ಲಿಂದ ಸ್ಟೇಗಸ್ಟೈನ್ ವ್ಯೂ ಪಾಯಿಂಟ್‌ಗೂ ಬಸ್ಸಿದೆ. 650 ಮೀಟರ್ ಎತ್ತರದಲ್ಲಿ ಮರದ ಕಟ್ಟೆಯೊಂದು ಗಾಳಿಯಲ್ಲಿ 30 ಮೀಟರ್ ಚಾಚಿದೆ. ಮಂಡಿಗೆ ಕೆಲಸವಿಲ್ಲ, ಎದೆಗೆ ಮಾತ್ರ ಕೆಲಸ.

ನೇರೋಯ್‌ಫ್ಯೋರ್ಡ್ ಒಳಗೆ ಹೋಗೋಕೆ 2018ರಿಂದ ಪೂರ್ತಿ ಬ್ಯಾಟರಿ ದೋಣಿ ಇದೆ. ಡೀಸೆಲ್ ದೋಣಿಯಲ್ಲಿ ಒಮ್ಮೆ, ಇದರಲ್ಲಿ ಒಮ್ಮೆ ಹೋಗಿದ್ದೇನೆ. ಇದರಲ್ಲಿ ಜಲಪಾತದ ಸದ್ದು ಕೇಳುತ್ತದೆ. ದಡದಲ್ಲಿ ಮೇಕೆ ಅರಚಿದರೂ ಕೇಳುತ್ತದೆ. ನೇರೋಯ್‌ಫ್ಯೋರ್ಡೂ ಗೈರಾಂಗರ್‌ಫ್ಯೋರ್ಡೂ 2005ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಅಲ್ಲಿ ಹೊಗೆ ಬಿಡುವ ಹಡಗು ಬರಬಾರದು ಅಂತ ಪಾರ್ಲಿಮೆಂಟ್ 2018ರಲ್ಲೇ ಹೇಳಿತ್ತು. ಹತ್ತು ಸಾವಿರ ಟನ್ ಒಳಗಿನ ಹಡಗುಗಳಿಗೆ 2026ರ ಜನವರಿ 1ರ ಗಡುವು. ದೊಡ್ಡವಕ್ಕೆ 2032ರ ತನಕ ರಿಯಾಯಿತಿ ಕೊಟ್ಟರು. ದೊಡ್ಡವರಿಗೆ ಯಾವಾಗಲೂ ಟೈಮ್ ಜಾಸ್ತಿ, ಅಲ್ವಾ.

ಸುಮ್ನೆ_ಓದುವವ · ಮಾರ್ಚ್ 8

ಎಲೆಕ್ಟ್ರಿಕ್ ಕಾರು ಬಾಡಿಗೆಗೆ ತಗೊಂಡರೆ ಆಗಲ್ವಾ? ಅಮ್ಮನಿಗೂ ಆರಾಮ.

ಉತ್ತರದ_ಅಳಿಯ · ಮಾರ್ಚ್ 8

ಆಗುತ್ತೆ. ಚಾರ್ಜಿಂಗ್ ಎಲ್ಲ ಕಡೆ ಇದೆ. ಮೂರು ಜನ ಒಂದು ಕಾರಲ್ಲಿ ಹೋದರೆ ತಪ್ಪೇನಿಲ್ಲ. ಆದರೆ ಜುಲೈಯಲ್ಲಿ ಲೊಫೊಟೆನ್ ರಸ್ತೆ ನೋಡಿದ್ದೀರಾ? ಇಡೀ ದ್ವೀಪಗಳಿಗೆ ಈ10 ಒಂದೇ ಹೆದ್ದಾರಿ. ಸೇತುವೆ ಕೆಲವು ಕಡೆ ಒಂದೇ ಗಾಡಿ ಅಗಲ. ಅದರಲ್ಲಿ ಯುರೋಪಿನ ಕ್ಯಾಂಪರ್ ವ್ಯಾನೆಲ್ಲ ಸಾಲಾಗಿ. ಎಲೆಕ್ಟ್ರಿಕ್ ಕಾರು ಹೊಗೆ ಕಮ್ಮಿ ಮಾಡುತ್ತೆ, ಜಾಮ್ ಕಮ್ಮಿ ಮಾಡಲ್ಲ. ಕಿಟಕಿ ಅಕ್ಕನ ಚಿಕ್ಕಮಗಳೂರು ಅಲ್ಲಿ ಮತ್ತೆ ಸಿಗುತ್ತೆ.

ನನ್ನ ಕಥೆ ಕೇಳಿ. ಭಾವ ಬಂದಾಗ ಒಂದು ಕಂಪನಿಯಿಂದ ಕಾರು ತಗೊಂಡೆವು. ಕಾರು ವಾಪಸ್ ಕೊಟ್ಟು ಎರಡು ತಿಂಗಳಾದ ಮೇಲೆ ಟೋಲ್ ಬಿಲ್ಲುಗಳು ಬಂದವು, ಒಂದೊಂದಕ್ಕೂ ಅವರ ಸೇವಾ ಶುಲ್ಕ ಬೇರೆ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತೆ, ನಮಗೆ ಗೊತ್ತೇ ಆಗಲ್ಲ. ಭಾವ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಹೊನ್ನಾವರದ_ಮಾಣಿ · ಮಾರ್ಚ್ 9

ಲೊಫೊಟೆನ್ ಬೇಡ ಅನ್ನಬೇಡಿ ಮಾರಾಯ್ರೆ. ಕೆಲಸದ ಮೇಲೆ ಹೋಗಿದ್ದೆ ಒಮ್ಮೆ, ಏಪ್ರಿಲಲ್ಲಿ. ಊರಿಗೆ ಊರೇ ಮರದ ಚಪ್ಪರ, ಅದರ ತುಂಬ ಕಾಡ್ (cod) ಅನ್ನೋ ಕಡಲ ಮೀನು ಬಾಲಕ್ಕೆ ಬಾಲ ಕಟ್ಟಿ ನೇತು ಹಾಕಿದ್ದಾರೆ. ಉಪ್ಪು ಇಲ್ಲ, ಹೊಗೆ ಇಲ್ಲ, ಸುಮ್ನೆ ಗಾಳಿ ಮತ್ತು ಚಳಿ. ಫೆಬ್ರವರಿಯಿಂದ ಮೇ ತನಕ ಒಣಗುತ್ತೆ. ನಮ್ಮಲ್ಲಿ ಬಿಸಿಲು ಮಾಡೋ ಕೆಲಸ ಅಲ್ಲಿ ಚಳಿ ಮಾಡುತ್ತೆ. ಮೀನು ಇಟಲಿಗೆ, ತಲೆ ನೈಜೀರಿಯಾಕ್ಕೆ. ಏನೂ ಬಿಸಾಕಲ್ಲ. ವಾಸನೆ ಮಾತ್ರ ನಮ್ಮ ಒಣಮೀನಿನದೇ. ಒಂದು ನಿಮಿಷ ಕಣ್ಣು ಮುಚ್ಚಿ ನಿಂತೆ, ಕಾಸರಕೋಡಿನ ದಡಕ್ಕೇ ಬಂದ ಹಾಗಾಯಿತು.

ಸಸ್ಯಾಹಾರಿಗಳಿಗೆ ಇದೆಲ್ಲ ಹೇಳಿ ಏನು ಪ್ರಯೋಜನ. ಕ್ಷಮಿಸಿ.

ಬೆಟ್ಟದ_ಹುಚ್ಚಿ · ಮಾರ್ಚ್ 9

ಮಾಣಿ, ಏಪ್ರಿಲ್ ಬೇರೆ, ಜುಲೈ ಬೇರೆ. ಲೊಫೊಟೆನ್‌ನ ರೈನೆಬ್ರಿಂಗೆನ್ ಗೊತ್ತಲ್ಲ? 448 ಮೀಟರ್ ಬೆಟ್ಟ, ಎಲ್ಲರ ಫೋಟೋದಲ್ಲೂ ಇರುತ್ತೆ. ಜನ ಹತ್ತಿ ಹತ್ತಿ ದಾರಿ ಕೆಸರಾಗಿ, ಕಲ್ಲು ಉರುಳಿ ಅಪಾಯ ಆಯಿತು. ಆಮೇಲೆ ನೇಪಾಳದಿಂದ ಶೆರ್ಪಾಗಳನ್ನು ಕರೆಸಿ ಸುಮಾರು ಎರಡು ಸಾವಿರ ಕಲ್ಲಿನ ಮೆಟ್ಟಿಲು ಕಟ್ಟಿಸಿದರು. ಹತ್ತುವಾಗ ಚಾಮುಂಡಿ ಬೆಟ್ಟದ ಮೆಟ್ಟಿಲೇ ನೆನಪಾಯಿತು, ಅದರ ಎರಡರಷ್ಟು. ಮೇಲೆ ನಂದಿ ಮಾತ್ರ ಇಲ್ಲ. ಮೆಟ್ಟಿಲಾದ ಮೇಲೆ ಜನ ಇನ್ನೂ ಜಾಸ್ತಿ.

ನಾನು ನಾಲ್ಕು ಬೇಸಿಗೆ ಅಲ್ಲಿ ನಡೆದಿದ್ದೇನೆ. ಒಂದು ವಿಷಯ ನಮ್ಮವರಿಗೆ ಹೇಳಲೇಬೇಕು. ಅಲ್ಲಿ ಅಲ್ಲೆಮಾನ್ಸ್‌ರೆಟ್ಟೆನ್ ಅಂತ ಒಂದಿದೆ, ಎಲ್ಲರ ಹಕ್ಕು ಅಂತ ಅರ್ಥ. 1957ರಿಂದ ಕಾನೂನು. ಉಳುಮೆ ಮಾಡದ ಕಾಡು, ಬೆಟ್ಟ, ದಡ ಯಾರದ್ದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು, ಡೇರೆ ಹಾಕಬಹುದು. ಯಾರ ಪರ್ಮಿಷನ್ನೂ ಬೇಡ. ಆದರೆ ಜನ ಇರುವ ಮನೆಯಿಂದ 150 ಮೀಟರ್ ದೂರ ಇರಬೇಕು. ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಇರಬೇಕಾದರೆ ಜಾಗದವರನ್ನು ಕೇಳಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರ ತನಕ ಕಾಡಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ಕುರಿಗಳು ಕೊರಳಗಂಟೆ ಕಟ್ಟಿಕೊಂಡು ಬೆಟ್ಟದಲ್ಲಿ ಬಿಡುಬೀಸಾಗಿ ಓಡಾಡುತ್ತವೆ. ಗೇಟ್ ತೆಗೆದರೆ ಮುಚ್ಚಿ ಹೋಗಬೇಕು. ಚಂದ ಕಾಣುತ್ತೆ ಅಂತ ಕಲ್ಲಿನ ಮೇಲೆ ಕಲ್ಲು ಪೇರಿಸಬೇಡಿ. ಮಂಜು ಮುಸುಕಿದಾಗ ದಾರಿ ಹುಡುಕುವವರು ಅದನ್ನೇ ಗುರುತು ಅಂದುಕೊಂಡು ದಾರಿ ತಪ್ಪುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಲಿನ ಟ್ರೆಕ್ಕಿಂಗ್ ಸಂಘದ ಗುಡಿಸಲುಗಳು. 1868ರ ಸಂಘ, 550ಕ್ಕೂ ಹೆಚ್ಚು ಗುಡಿಸಲು. ಕೆಲವಲ್ಲಿ ನೋಡಿಕೊಳ್ಳೋಕೆ ಯಾರೂ ಇರಲ್ಲ. ಎಲ್ಲಕ್ಕೂ ಒಂದೇ ಥರದ ಬೀಗದ ಕೈ, ಸದಸ್ಯರಾದರೆ ಕೊಡುತ್ತಾರೆ. ಒಂದು ಸಂಜೆ ಮಳೆಯಲ್ಲಿ ನೆನೆದು ಒಂದು ಗುಡಿಸಲಿಗೆ ಬಂದೆ. ಒಳಗೆ ಒಲೆ, ಪಕ್ಕದಲ್ಲಿ ಸೀಳಿದ ಸೌದೆ, ಅದರ ಮೇಲೆ ಬೆಂಕಿ ಹಚ್ಚೋಕೆ ಸಣ್ಣ ಚಕ್ಕೆ ಕೂಡ ಕೆತ್ತಿಟ್ಟಿದ್ದಾರೆ. ಗೋಡೆ ಕಪಾಟಲ್ಲಿ ಪಾಸ್ತಾ, ಓಟ್ಸ್, ಡಬ್ಬಿ ಊಟ, ಪಕ್ಕದಲ್ಲಿ ಬೆಲೆ ಪಟ್ಟಿ. ತಿಂದದ್ದನ್ನು ಚೀಟಿಯಲ್ಲಿ ಬರೆದು ದುಡ್ಡು ಕಟ್ಟೋದು. ಕೇಳೋರು ಯಾರೂ ಇಲ್ಲ. ಬೆಳಿಗ್ಗೆ ಹೊಳೆಯಿಂದ ನೀರು ತಂದಿಟ್ಟು, ನೆಲ ಗುಡಿಸಿ, ನನ್ನ ಹಿಂದೆ ಬರುವವರಿಗೆ ಸೌದೆ ಸೀಳಿ ಹೊರಟೆ. ಅರ್ಧ ಗಂಟೆ ಕೊಡಲಿ ಬೀಸಿದ್ದು ನಾನು ಕೊಟ್ಟ ದುಡ್ಡಿಗಿಂತ ಜಾಸ್ತಿ ಅನ್ನಿಸಿತು.

ಕಿಟಕಿ_ಸೀಟು · ಮಾರ್ಚ್ 10

ಹುಚ್ಚಿ ಅವರೇ, ಅಮ್ಮನಿಗೆ ಓದಿ ಹೇಳಿದೆ. "ನಾನೂ ಸೌದೆ ಸೀಳಿದವಳೇ" ಅಂದರು. ಆಮೇಲೆ ಮಂಡಿ ಉಜ್ಜಿಕೊಂಡರು.

ಹಾಗಾದರೆ ಲೊಫೊಟೆನ್ ಬಿಟ್ಟು ಸಮುದ್ರ, ದ್ವೀಪ ನೋಡೋಕೆ ಬೇರೆ ಜಾಗ ಯಾವುದು?

ಉತ್ತರದ_ಅಳಿಯ · ಮಾರ್ಚ್ 10

ವೇಗಾ. ಹೆಸರು ನೋಡಿ ಓಟದ ಊರು ಅಂದುಕೊಳ್ಳಬೇಡಿ, ಅಷ್ಟು ನಿಧಾನದ ಊರು ಇನ್ನೊಂದಿಲ್ಲ. ಹೆಲ್ಗೆಲಾಂಡ್ ಕರಾವಳಿಯಲ್ಲಿದೆ, ಸಣ್ಣ ದೊಡ್ಡ ಸೇರಿ ಸುಮಾರು ಆರೂವರೆ ಸಾವಿರ ದ್ವೀಪ. 2004ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಬೆಟ್ಟಕ್ಕೆ, ಕಡಲಿಗೆ ಕೊಟ್ಟ ಪಟ್ಟ ಅಲ್ಲ. ಬಾತುಕೋಳಿ ಸಾಕಿದ್ದಕ್ಕೆ ಕೊಟ್ಟದ್ದು.

ಸಾಕಿದ್ದು ಅಂದರೂ ತಪ್ಪು. ಐಡರ್ ಅನ್ನೋದು ಕಾಡು ಬಾತು. ವಸಂತದಲ್ಲಿ ಮೊಟ್ಟೆ ಇಡೋಕೆ ದಡಕ್ಕೆ ಬರುತ್ತೆ. ದ್ವೀಪದ ಜನ, ಅದರಲ್ಲೂ ಹೆಂಗಸರು, ನೂರಾರು ವರ್ಷದಿಂದ ಅವಕ್ಕೆ ಕಲ್ಲು, ಹಲಗೆಯಲ್ಲಿ ಪುಟ್ಟ ಪುಟ್ಟ ಮನೆ ಕಟ್ಟಿ, ಒಳಗೆ ಒಣಗಿದ ಕಡಲ ಪಾಚಿ ಹಾಸಿ ಕಾಯುತ್ತಾರೆ. ಹಕ್ಕಿ ಕೂತಿರುವಷ್ಟು ದಿನ ಗಲಾಟೆ ಮಾಡಲ್ಲ, ನಾಯಿ ಬಿಡಲ್ಲ. ಬಾತು ತನ್ನ ಎದೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತೆ. ಮರಿ ಕರಕೊಂಡು ಅದು ಕಡಲಿಗೆ ಹೋದ ಮೇಲೆ ಇವರು ಆ ತುಪ್ಪಳ ತಗೊಂಡು ಶುದ್ಧ ಮಾಡಿ ಹೊದಿಕೆ ಹೊಲಿಯುತ್ತಾರೆ. ಒಂದು ಹೊದಿಕೆಗೆ ಅರವತ್ತು ಗೂಡಾದರೂ ಬೇಕು. ಜನ ದ್ವೀಪ ಬಿಟ್ಟು ಪಟ್ಟಣ ಸೇರಿದ ಮೇಲೆ ಹಕ್ಕಿಯೂ ಕಮ್ಮಿಯಾಯಿತು. ಮನುಷ್ಯ ಹೋದರೆ ಕಾಡುಹಕ್ಕಿಗೆ ನಷ್ಟ ಆಗೋದು ನಾನು ನೋಡಿದ್ದು ಇದೊಂದೇ ಕಡೆ.

ಹೋಗೋದು ಹೇಗೆ ಅಂದರೆ: ಬರ್ಗೆನ್‌ನಿಂದ ಕರಾವಳಿ ಹಡಗಲ್ಲಿ ಟ್ರೊಂಡ್‌ಹೈಮ್, ಎರಡು ರಾತ್ರಿ. 1893ರಿಂದ ಟಪಾಲು, ಸಾಮಾನು, ಜನ ಹೊತ್ತು ತಿರುಗುವ ಮಾರ್ಗ. ಬರ್ಗೆನ್‌ನಿಂದ ಕಿರ್ಕೆನೆಸ್ ತನಕ 34 ಬಂದರು. ಕ್ರೂಸ್ ಅಲ್ಲ ಅದು, ನಮ್ಮ ಕೆಂಪು ಬಸ್ಸಿನ ಥರ. ಪೂರ್ತಿ ಹನ್ನೆರಡು ದಿನದ ಟಿಕೆಟ್ ತಗೋಬೇಕು ಅಂತೇನಿಲ್ಲ, ಬಂದರಿಂದ ಬಂದರಿಗೂ ಕೊಡುತ್ತಾರೆ. ಕೆಲವು ಹಡಗಲ್ಲಿ ದೊಡ್ಡ ಬ್ಯಾಟರಿ ಇದೆ, ನಾಲ್ಕು ಗಂಟೆ ಹೊಗೆಯಿಲ್ಲದೆ ಹೋಗಬಲ್ಲವು. ಉಳಿದ ಹೊತ್ತು ಗ್ಯಾಸ್. ಅಂದರೆ ಪೂರ್ತಿ ಹಸಿರೇನಲ್ಲ. ಟ್ರೊಂಡ್‌ಹೈಮ್‌ನಿಂದ ಮೋಶೋಯೆನ್‌ಗೆ ರೈಲು, ಅದು ಇನ್ನೂ ಡೀಸೆಲ್ಲೇ. ಅಲ್ಲಿಂದ ಸಾಂಡ್ನೆಶೋಯೆನ್‌ಗೆ ಬಸ್ಸು, ಆಮೇಲೆ ದೋಣಿ.

ಒಂದು ತೊಂದರೆ. ವೇಗಾ ಆರ್ಕ್ಟಿಕ್ ವೃತ್ತದ ಕೆಳಗಿದೆ. ಮಧ್ಯರಾತ್ರಿ ಸೂರ್ಯ ಇಲ್ಲ. ಕತ್ತಲೂ ಇಲ್ಲ.

ಕಿಟಕಿ_ಸೀಟು · ಮಾರ್ಚ್ 11

ಅಮ್ಮನನ್ನು ಕೇಳಿದೆ. ಅಟ್ಲಾಸ್ ತೆಗೆದು ಅರ್ಧ ಗಂಟೆ ಕೂತರು. "ಆರ್ಕ್ಟಿಕ್ ವೃತ್ತಕ್ಕೆ ಸುಮಾರು ಒಂದು ಡಿಗ್ರಿ ಕಮ್ಮಿ. ಸಾಕು" ಅಂದರು. ಹಾಗಾಗಿ ಇದೇ ಫೈನಲ್: ಓಸ್ಲೋ ಒಂದು ರಾತ್ರಿ, ಔರ್ಲಾಂಡ್ ಮೂರು, ಬರ್ಗೆನ್ ಒಂದು, ಹಡಗಲ್ಲಿ ಎರಡು, ಟ್ರೊಂಡ್‌ಹೈಮ್ ಒಂದು, ಉಳಿದದ್ದು ವೇಗಾ. ವಾಪಸ್ ರಾತ್ರಿ ರೈಲು. ಕಾರಿಲ್ಲ, ಒಳಗೆ ವಿಮಾನ ಇಲ್ಲ. ಏಜೆಂಟ್ ಫೋನ್ ಇಡುವಾಗ "ನಾರ್ತ್ ಕೇಪ್ ನೋಡದೆ ಬರ್ತೀರಾ ಮೇಡಂ" ಅಂತ ನೊಂದುಕೊಂಡರು.

ಊಟ?

ಎಣ್ಣೆ_ಬಾಣಲೆ · ಮಾರ್ಚ್ 11

ಹೋಟೆಲ್ ಮರೆತುಬಿಡಿ. ಒಂದು ಕ್ರೋನ್‌ಗೆ ಎಂಟು ರೂಪಾಯಿ ಮೇಲೆ. ಒಂದು ಸಾಧಾರಣ ಪ್ಲೇಟ್ ಊಟಕ್ಕೆ ಇನ್ನೂರು ಕ್ರೋನ್ ಕೇಳಿದರೆ ಗಂಟಲಲ್ಲಿ ಇಳಿಯಲ್ಲ. ಅಡುಗೆ ಮನೆ ಇರುವ ರೂಮ್ ತಗೊಳ್ಳಿ. ಅಕ್ಕಿ, ಬೇಳೆ, ಆಲೂಗಡ್ಡೆ, ಮೊಸರು ಯಾವ ಅಂಗಡಿಯಲ್ಲೂ ಸಿಗುತ್ತೆ. ಭಾನುವಾರ ದೊಡ್ಡ ಅಂಗಡಿಗಳೆಲ್ಲ ಬಾಗಿಲು, ಶನಿವಾರವೇ ತಂದಿಟ್ಟುಕೊಳ್ಳಿ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರು ಕುಡಿಯಿರಿ. ಕೊಂಡರೂ ಬಾಟಲಿ ಬಿಸಾಕಬೇಡಿ. ಸಣ್ಣದಕ್ಕೆ 2, ದೊಡ್ಡದಕ್ಕೆ 3 ಕ್ರೋನ್ ಠೇವಣಿ ಹಿಡಿದಿರುತ್ತಾರೆ. ಅಂಗಡಿಯ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತೆ, ಕೌಂಟರಲ್ಲಿ ದುಡ್ಡು.

ಕಂದು ಚೀಸ್ ತಿನ್ನಿ. ಹಾಲೊಡಕನ್ನು ಕುದಿಸಿ ಕುದಿಸಿ ಮಾಡೋದು. ಬೆಲ್ಲ ಹಾಕಿದ ಖೋವಾಕ್ಕೆ ಸ್ವಲ್ಪ ಉಪ್ಪು ಬಿದ್ದ ಹಾಗಿರುತ್ತೆ.

ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ತನ್ನಿ. ತುಪ್ಪ, ಪೇಡ ತರಬೇಡಿ. ಯುರೋಪಿನ ಹೊರಗಿಂದ ಹಾಲು, ಮಾಂಸದ ಪದಾರ್ಥ ತರುವಂತಿಲ್ಲ. ನಮ್ಮ ಅತ್ತೆ ಧಾರವಾಡದಿಂದ ತಂದ ಎರಡು ಕೆಜಿ ಪೇಡ ಕಸ್ಟಮ್ಸ್ ಬುಟ್ಟಿಗೆ ಹೋಯಿತು. ನನ್ನ ಮಗನ ಮುಖ ಸಾವಿನ ಮನೆಯಲ್ಲಿ ಕೂತವನ ಥರ ಆಗಿತ್ತು.

ಲೆಕ್ಕದ_ಮೇಷ್ಟ್ರು · ಮಾರ್ಚ್ 12

ಇನ್ನೊಂದು ಖರ್ಚು ಸೇರಿಸಿಕೊಳ್ಳಿ. ಪ್ರವಾಸಿಗರ ಕಾಟ ಜಾಸ್ತಿ ಇರುವ ಊರುಗಳು ರೂಮ್ ಬಾಡಿಗೆ ಮೇಲೆ ಶೇ. 3 ತೆರಿಗೆ ಹಾಕಬಹುದು ಅಂತ 2025ರಲ್ಲಿ ಅಲ್ಲಿ ಕಾಯ್ದೆ ಆಯಿತು. ಆ ದುಡ್ಡು ಶೌಚಾಲಯಕ್ಕೆ, ದಾರಿ ರಿಪೇರಿಗೆ. ಇದನ್ನು ಮಾತ್ರ ಗೊಣಗದೆ ಕೊಡಿ.

ಕಿಟಕಿ_ಸೀಟು · ಆಗಸ್ಟ್ 2

ಬಂದೆವು! ವಾರವಾಯಿತು. ಬಟ್ಟೆ ಈಗ ಒಗೆದು ಮುಗಿಯಿತು. ನೀವೆಲ್ಲ ಇಷ್ಟು ಹೇಳಿದ್ದಕ್ಕೆ ವರದಿ ಒಪ್ಪಿಸಬೇಕಲ್ಲ.

ಹೊರಡುವ ಹಿಂದಿನ ರಾತ್ರಿ ಅಮ್ಮನ ಬ್ಯಾಗ್ ಯಾಕೋ ಭಾರ ಅನ್ನಿಸಿ ತೆಗೆದೆ. ಎರಡು ಸ್ವೆಟರ್ ನಡುವೆ ತುಪ್ಪದ ಡಬ್ಬಿ. "ಅವರಿಗೇನು ಗೊತ್ತಾಗುತ್ತೆ" ಅಂದರು. ಡಬ್ಬಿ ಮನೆಯಲ್ಲೇ ಉಳಿಯಿತು, ಓಸ್ಲೋ ತನಕ ನನ್ನ ಜೊತೆ ಮಾತಿಲ್ಲ.

ಔರ್ಲಾಂಡ್ ಸಲಹೆಗೆ ಕೈ ಮುಗಿದೆ. ಮೊದಲ ಎರಡು ದಿನ ಫ್ಲೋಮ್‌ನಲ್ಲಿ ಹಡಗು, ಮೂರನೇ ದಿನ ಇಲ್ಲ. ಎರಡೂ ನೋಡಿದೆವು. ಒಂದೇ ಊರು ಅಂತ ನಂಬೋಕಾಗಲ್ಲ. ಬ್ಯಾಟರಿ ದೋಣಿಯಲ್ಲಿ ಅಮ್ಮ ಮುಂದೆ ನಿಂತರು. ಎರಡು ಕಡೆ ಗೋಡೆ ಥರ ಬೆಟ್ಟ, ನೀರು ಕಪ್ಪಗೆ. "ಹಿಮನದಿ ಕೊರೆದ ಕಣಿವೆ, ಯು ಆಕಾರ, ಸಮುದ್ರ ಒಳಗೆ ಬಂದಿದೆ" ಅಂತ ಪಾಠದ ದನಿಯಲ್ಲಿ ಹೇಳಿಕೊಂಡರು. ಆಮೇಲೆ ಸುಮ್ಮನಾದರು. ಸೋಗ್ನೆಫ್ಯೋರ್ಡ್ 205 ಕಿಮೀ ಉದ್ದ, 1,308 ಮೀಟರ್ ಆಳ ಅಂತ ನನ್ನ ಗಂಡ ಮೊಬೈಲ್ ನೋಡಿ ಓದಿದ. "ಗೊತ್ತು" ಅಂದರು ಅಷ್ಟೇ.

ಬರ್ಗೆನ್‌ನಲ್ಲಿ ಮಳೆ. ಆ ಊರಲ್ಲಿ ವರ್ಷಕ್ಕೆ ಇನ್ನೂರು ದಿನಕ್ಕೂ ಜಾಸ್ತಿ ಮಳೆಯಂತೆ. ತೀರ್ಥಹಳ್ಳಿಯಲ್ಲಿ ಬೆಳೆದ ಅಮ್ಮ "ಇದು ಮಳೆಯಾ, ಹನಿ" ಅಂದರು.

ತಪ್ಪು ಆಗಿದ್ದು ಸಾಂಡ್ನೆಶೋಯೆನ್‌ನಲ್ಲಿ. ದೋಣಿ ಕಟ್ಟೆಯಲ್ಲಿ ಹಾಕಿದ ವೇಳಾಪಟ್ಟಿಯಲ್ಲಿ ಹೊರಡುವ ಸಮಯದ ಪಕ್ಕ ಡಿಎಕ್ಸ್67 ಅಂತಿತ್ತು. ದೋಣಿ ನಂಬರ್ ಅಂದುಕೊಂಡೆ. ಅದು ದೋಣಿ ನಂಬರಲ್ಲ! ಡಿ ಅಂದರೆ ದಿನಾ, ಎಕ್ಸ್ ಅಂದರೆ ಬಿಟ್ಟು, 6 ಮತ್ತು 7 ಅಂದರೆ ಶನಿವಾರ, ಭಾನುವಾರ. ನಾವು ಹೋದದ್ದು ಶನಿವಾರ. ಕಟ್ಟೆ ಮೇಲೆ ಮೂರು ಜನ, ನಾಲ್ಕು ಬ್ಯಾಗು, ಒಂದು ಕಡಲಕಾಗೆ. ಆ್ಯಪ್ ನೋಡಿದ್ದರೆ ಗೊತ್ತಾಗುತ್ತಿತ್ತು, ಅಳಿಯ ಅವರೇ, ಬೈಬೇಡಿ. ಒಂದು ರಾತ್ರಿ ಅಲ್ಲೇ ಉಳಿದು ಭಾನುವಾರ ಬೇರೆ ಸಮಯದ ದೋಣಿ ಹಿಡಿದೆವು. ವೇಗಾದಲ್ಲಿ ಒಂದು ದಿನ ಕಮ್ಮಿಯಾಯಿತು. ಇನ್ನೊಂದು ಕಲಿತದ್ದು: ಕೆಲವು ಸಣ್ಣ ಕಟ್ಟೆಗಳಲ್ಲಿ ಮುಂಚೆ ಫೋನ್ ಮಾಡಿ ಹೇಳಿದರೆ ಮಾತ್ರ ದೋಣಿ ನಿಲ್ಲುತ್ತೆ.

ವೇಗಾದಲ್ಲಿ ಬಾತುಗಳು ಆಗಲೇ ಕಡಲಿಗೆ ಹೋಗಿದ್ದವು. ಮನೆಗಳು ಖಾಲಿ. ಮಂಡಿ ಎತ್ತರ, ಹಲಗೆ ಮಾಡು, ಬಾಗಿಲಿಲ್ಲದ ಬಾಗಿಲು. ಅಮ್ಮ ಬಗ್ಗಿ ಒಳಗೆ ಕೈ ಹಾಕಿ ಪಾಚಿ ಮುಟ್ಟಿ ನೋಡಿದರು. ನಾವಿದ್ದ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ತುಪ್ಪಳ ಶುದ್ಧ ಮಾಡುತ್ತಿದ್ದರು. ಮರದ ಚೌಕಟ್ಟಿಗೆ ಹುರಿ ಬಿಗಿದು ವೀಣೆ ಥರ ಇತ್ತು. ಅದರ ಮೇಲೆ ತುಪ್ಪಳ ಇಟ್ಟು ಹುರಿ ಮೀಟಿದರೆ ಕಸ ಕೆಳಗೆ ಬೀಳುತ್ತೆ, ತುಪ್ಪಳ ಮೇಲೇ ಉಳಿಯುತ್ತೆ. ಅಮ್ಮನಿಗೆ ಅವರ ಮಾತು ಬರಲ್ಲ, ಅವರಿಗೆ ಕನ್ನಡ ಬರಲ್ಲ. ಅಮ್ಮ ಬೂರುಗದ ಕಾಯಿ ಒಡೆದು ಹತ್ತಿ ಬಿಡಿಸಿ ದಿಂಬಿಗೆ ತುಂಬೋದನ್ನು ಕೈಯಲ್ಲೇ ಮಾಡಿ ತೋರಿಸಿದರು. ಅಜ್ಜಿಗೆ ಅರ್ಥವಾಯಿತು ಅಂತ ಕಾಣುತ್ತೆ, ಒಂದು ಮುಷ್ಟಿ ತುಪ್ಪಳ ಅಮ್ಮನ ಅಂಗೈಗೆ ಇಟ್ಟರು. ತೂಕವೇ ಇಲ್ಲ. ಒಂದು ನಿಮಿಷಕ್ಕೆ ಅಂಗೈ ಬೆಚ್ಚಗಾಯಿತಂತೆ. ಅಮ್ಮ ಅದನ್ನು ಬಿಡಲಾರದೆ ವಾಪಸ್ ಕೊಟ್ಟರು. ಇಬ್ಬರೂ ಮಧ್ಯಾಹ್ನ ಪೂರ್ತಿ ಅಲ್ಲೇ ಕೂತಿದ್ದರು. ನಾವು ಸೈಕಲ್ ತಗೊಂಡು ದ್ವೀಪ ಸುತ್ತಿ ಬಂದೆವು.

ರಾತ್ರಿ ಹನ್ನೊಂದು ದಾಟಿದ ಮೇಲೆ ಸೂರ್ಯ ಮುಳುಗಿತು. ಅಮ್ಮ ಶಾಲು ಹೊದ್ದು ಕಾದಿದ್ದರು. "ಮುಳುಗೋದು ನೋಡೋಕೆ ಇಷ್ಟು ಹೊತ್ತು ಎದ್ದಿರಬೇಕಾ" ಅಂತ ಬೈದು ಒಳಗೆ ಹೋದರು. ಹತ್ತು ನಿಮಿಷಕ್ಕೆ ಮತ್ತೆ ಬಂದು ಕೂತರು.

ಬಾಟಲಿ ಮೆಷಿನ್ ಅಮ್ಮನಿಗೆ ಹುಚ್ಚು ಹಿಡಿಸಿತು. ದಾರಿಯಲ್ಲಿ ಬಿದ್ದದ್ದನ್ನೂ ಆರಿಸಿ ತಂದರು. ಟ್ರೊಂಡ್‌ಹೈಮ್‌ನಲ್ಲಿ ಹನ್ನೊಂದು ಬಾಟಲಿ ಹಾಕಿ, ಕೊನೆಗೆ ಬೇರೆ ಗುಂಡಿ ಒತ್ತಿದರು. ದುಡ್ಡು ರೆಡ್ ಕ್ರಾಸ್ ಲಾಟರಿಗೆ ಹೋಯಿತು. ಬಹುಮಾನ ಏನೂ ಬರಲಿಲ್ಲ. "ದಾನ ಆಯಿತು ಬಿಡು" ಅಂದರು, ಆದರೆ ಮುಖ ಸಪ್ಪಗಿತ್ತು.

ಲೆಕ್ಕದ_ಮೇಷ್ಟ್ರು · ಆಗಸ್ಟ್ 2

ಟೀಚರಿಗೆ ನನ್ನ ನಮಸ್ಕಾರ ಹೇಳಿ. ಒಂದು ಡಿಗ್ರಿ ಲೆಕ್ಕ ಸರಿಯಾಗಿದೆ ಅಂತಲೂ ಹೇಳಿ. ಇನ್ನು ಮೂರು ವರ್ಷ ವಿಮಾನ ಹತ್ತಬೇಡಿ, ನಾನು ನೋಡ್ತಾ ಇರುತ್ತೇನೆ.

ಹೊನ್ನಾವರದ_ಮಾಣಿ · ಆಗಸ್ಟ್ 3

ಆ ಮೀಟುವ ಚೌಕಟ್ಟಿನ ಫೋಟೋ ಇದ್ದರೆ ಹಾಕಿ ಅಕ್ಕ. ನಮ್ಮ ಕಡೆ ಹಾಸಿಗೆ ಮಾಡೋಕೆ ಬರುವವರು ಹತ್ತಿ ಬಡಿಯೋ ಬಿಲ್ಲಿನ ಥರವೇ ಇದೆಯಲ್ಲ.

ಸುಮ್ನೆ_ಓದುವವ · ಆಗಸ್ಟ್ 3

ಯಾರಾದರೂ ಆ ಡಿಎಕ್ಸ್67 ವಿಷಯ ಮೇಲೆ ಪಿನ್ ಮಾಡಿ. ಮುಂದಿನ ಜೂನ್‌ಗೆ ಪ್ಲಾನ್ ಹಾಕುತ್ತಿದ್ದೇನೆ, ದೋಣಿ ಇಟ್ಟುಕೊಂಡಿರುವುದು ಶನಿವಾರವೇ.